ಒಂದು ಮಳೆಗಾಲ ಕಂಡ ಕೆಲಸ ತೋರಿಸಿ

ಮೈಸೂರಿನ ನಮ್ಮ ಮನೆಗೆ ಇಪ್ಪತ್ತೈದು ದಾಟಿದೆ. ಮಹಡಿಯ ಬಚ್ಚಲನ್ನು ಒಡೆಸಿ ಹೊಸದಾಗಿ ಮಾಡಿಸೋಣವೆಂದು ಹೊರಟಾಗ ಮೂರು ಕೊಟೇಶನ್ ಬಂದವು. ಮೊದಲನೆಯವರದು ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಾಲು: ‘ಬಾತ್‌ರೂಮ್ ಫುಲ್ ವರ್ಕ್ 95,000.’ ಎರಡನೆಯವರದು ಲೆಟರ್‌ಹೆಡ್ ಮೇಲೆ ಆರು ಬಾಬತ್ತು, ಒಟ್ಟು 1,32,000, ಕೆಳಗೆ ಇರುವೆ ಅಕ್ಷರದಲ್ಲಿ ‘ಜಿಎಸ್‌ಟಿ ಎಕ್ಸ್‌ಟ್ರಾ’. ಮೂರನೆಯವರು ಟೇಪು ಹಿಡಿದು ಮೂಲೆಮೂಲೆ ಅಳೆದುಕೊಂಡು ಹೋಗಿ, ಎರಡು ದಿನ ಬಿಟ್ಟು ಎರಡು ಪುಟದ ಪಟ್ಟಿ ಕಳಿಸಿದರು: 1,58,000, ತೆರಿಗೆ ಸೇರಿ.

ನಾನು 95,000ದವರನ್ನೇ ಹಿಡಿದೆ. ಯಾರು ಹಿಡಿಯುವುದಿಲ್ಲ?

ಒಡೆಯುವ ಕೆಲಸ ಮುಗಿದ ಮೇಲೆ ‘ಫುಲ್’ ಎಂಬ ಪದದ ಅರ್ಥ ಒಂದೊಂದಾಗಿ ಬಿಚ್ಚಿಕೊಂಡಿತು. ಗೋಡೆಗೆ ಟೈಲ್ಸ್ ನಾಲ್ಕು ಅಡಿವರೆಗೆ ಮಾತ್ರವಂತೆ, ಮೇಲಿನ ಮೂರು ಅಡಿಗೆ 14,000 ಬೇರೆ. ಕಮೋಡು, ನಲ್ಲಿ, ಷವರು ನಮ್ಮ ತಲೆಗೆ, 41,000. ಒಡೆದ ಗಾರೆ ಸಾಗಿಸಲು 5,500, ಗೀಸರ್ ಲೈನಿಗೆ 4,500. ಕೂಡಿಸಿದರೆ 1,60,000. ಅಳೆದು ಲೆಕ್ಕ ಕೊಟ್ಟವರಿಗಿಂತ ಎರಡು ಸಾವಿರ ಹೆಚ್ಚು. ಅವರ ಪಟ್ಟಿಯಲ್ಲಿ ವಾಟರ್‌ಪ್ರೂಫಿಂಗ್ ಇತ್ತು, ಇವರದರಲ್ಲಿ ಇರಲಿಲ್ಲ. ಆರು ತಿಂಗಳಿಗೆ ಕೆಳಗಿನ ಅಡುಗೆಮನೆಯ ಸೂರಿನಲ್ಲಿ ಒದ್ದೆ ಕಲೆ ಮೂಡಿತು. ಫೋನು ಮಾಡಿದರೆ, ‘ನೀವು ವಾಟರ್‌ಪ್ರೂಫಿಂಗ್ ಹೇಳಿರ್ಲಿಲ್ವಲ್ಲ ಮೇಡಂ’ ಎಂಬ ಉತ್ತರ. ನಿಜ, ಹೇಳಿರಲಿಲ್ಲ. ಹೇಳಬೇಕೆಂದು ನನಗೆ ಗೊತ್ತೂ ಇರಲಿಲ್ಲ.

ಆಮೇಲೆ ತಾರಸಿ ರಿಪೇರಿ, ವೈರಿಂಗು, ಅಡುಗೆಮನೆ ಎಂದು ಇನ್ನೂ ಮೂರು ಕೆಲಸ ಮಾಡಿಸಿದ್ದೇನೆ. ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಕಾಗದ ಏನು ಹೇಳುತ್ತದೆ

ಮನೆ ರಿಪೇರಿ ಮಾಡುವ ಕಂಟ್ರಾಕ್ಟರಿಗೆಂದೇ ನಮ್ಮ ರಾಜ್ಯದಲ್ಲಿ ಒಂದು ಲೈಸೆನ್ಸ್ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ನಿನ್ನೆಯವರೆಗೆ ಸಿಮೆಂಟ್ ಅಂಗಡಿಯಲ್ಲಿದ್ದವರೂ ಇವತ್ತು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿ ಕಂಟ್ರಾಕ್ಟರ್ ಆಗಬಹುದು. ಹಾಗಾಗಿ ‘ಲೈಸೆನ್ಸ್ ಇದೆಯಾ?’ ಎಂದು ಕೇಳಿದರೆ ಎಲ್ಲರ ಬಳಿಯೂ ಏನಾದರೊಂದು ಕಾಗದ ಇರುತ್ತದೆ. ಆ ಕಾಗದ ಯಾತಕ್ಕೆ ಕೊಟ್ಟದ್ದು ಎಂಬುದನ್ನು ನಾವು ತಿಳಿದಿರಬೇಕು.

‘ನಾನು ಪಿಡಬ್ಲ್ಯೂಡಿ ಕ್ಲಾಸ್ ಒನ್’ ಎನ್ನುವವರು ಸಿಗುತ್ತಾರೆ. ಅದು ಸರ್ಕಾರಿ ಟೆಂಡರ್ ಹಾಕಲು ಬೇಕಾದ ದರ್ಜೆ. ರಸ್ತೆ, ಶಾಲೆ ಕಟ್ಟಿದವರು ನಿಮ್ಮ ಬಚ್ಚಲಿನ ಇಳಿಜಾರನ್ನೂ ಸರಿಯಾಗಿ ಕೊಡುತ್ತಾರೆಂದು ಅದರಲ್ಲಿ ಬರೆದಿರುವುದಿಲ್ಲ. ಉದ್ಯಮ್ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ತೋರಿಸುವವರೂ ಇದ್ದಾರೆ. ಅದು ಸ್ವಂತ ಘೋಷಣೆಯ ಮೇಲೆ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುವ ನೋಂದಣಿ. ಸುಳ್ಳೇನಲ್ಲ, ಆದರೆ ಕೈಚಳಕಕ್ಕೆ ಸಾಕ್ಷಿಯೂ ಅಲ್ಲ. ರೇರಾ ಹೆಸರು ಹೇಳಿದರಂತೂ ನಕ್ಕುಬಿಡಿ. ಅಲ್ಲಿ ನೋಂದಣಿಯಾಗುವುದು ಬಡಾವಣೆ, ಅಪಾರ್ಟ್‌ಮೆಂಟ್‌ನಂಥ ಯೋಜನೆಗಳು ಮತ್ತು ಅವನ್ನು ಮಾರಿಸುವ ಏಜೆಂಟರು. ನಿಮ್ಮ ಮನೆಯ ಪುಟ್ಟಿ ಪೇಂಟಿಗೂ ಅದಕ್ಕೂ ಸಂಬಂಧವಿಲ್ಲ.

ಲೈಸೆನ್ಸ್ ನಿಜಕ್ಕೂ ಲೆಕ್ಕಕ್ಕೆ ಬರುವುದು ಕರೆಂಟಿನಲ್ಲಿ. ಕರ್ನಾಟಕದಲ್ಲಿ ವಿದ್ಯುತ್ ಗುತ್ತಿಗೆದಾರರಿಗೂ ವೈರ್‌ಮನ್‌ಗಳಿಗೂ ಸರ್ಕಾರದ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಪರವಾನಗಿ ಬೇಕು. ಹೊಸ ಸಂಪರ್ಕಕ್ಕೆ, ಲೋಡ್ ಹೆಚ್ಚಿಸಲು ಸೆಸ್ಕ್, ಬೆಸ್ಕಾಂನವರು ಇಂಥ ಗುತ್ತಿಗೆದಾರರ ಸಹಿ ಇಲ್ಲದೆ ಅರ್ಜಿ ಮುಟ್ಟುವುದಿಲ್ಲ. ಮನೆಯ ವೈರಿಂಗ್ ಬದಲಿಸುವಾಗಲೂ ಆ ಪರವಾನಗಿಯ ಪ್ರತಿ ಕೇಳಿ, ಅವಧಿ ಮುಗಿದಿದೆಯೇ ನೋಡಿ. ಬೆಂಗಳೂರಿನಲ್ಲಿ ನೀರು, ಒಳಚರಂಡಿ ಸಂಪರ್ಕದ ಕೆಲಸಕ್ಕೆ ಜಲಮಂಡಳಿಯ ಪರವಾನಗಿ ಪಡೆದ ಪ್ಲಂಬರುಗಳಿದ್ದಾರೆ. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಲು 1972ರ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಬೇಕು. ‘ಸಿಎ’ ಎಂದು ಶುರುವಾಗುವ ಆ ಸಂಖ್ಯೆಯನ್ನು ಕೌನ್ಸಿಲ್‌ನ ಜಾಲತಾಣದಲ್ಲಿ ತಾಳೆ ನೋಡಬಹುದು. ಇಂಟೀರಿಯರ್ ಡಿಸೈನರ್ ಎನ್ನಲು ಅದೊಂದೂ ಬೇಡ.

ಇನ್ನು ಜಿಎಸ್‌ಟಿ ಸಂಖ್ಯೆ. ಐದು ನಿಮಿಷದಲ್ಲಿ ಇಷ್ಟು ಸಂಗತಿ ಹೇಳುವ ಕಾಗದ ಇನ್ನೊಂದಿಲ್ಲ. ಹದಿನೈದು ಅಕ್ಷರದ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಅವರ ಪ್ಯಾನ್. ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ಅದನ್ನು ಹಾಕಿ ಹುಡುಕಿದರೆ ಮಾಲೀಕರ ಹೆಸರು, ಅಂಗಡಿಯ ಹೆಸರು, ನೋಂದಣಿಯಾದ ದಿನ, ಅದು ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಸಲ್ಲಿಸುತ್ತಿದ್ದಾರೋ ಎಲ್ಲ ಕಾಣುತ್ತದೆ. ‘ಹದಿನೈದು ವರ್ಷದ ಅನುಭವ’ ಎಂದವರ ನೋಂದಣಿ ಎಂಟು ತಿಂಗಳ ಹಿಂದಿನದಾಗಿದ್ದರೆ ಕಾರಣ ಕೇಳಿ. ಉತ್ತರ ಸರಿಯಿರಲೂಬಹುದು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿಯೇ ಕಡ್ಡಾಯವಲ್ಲ. ನಮ್ಮ ಬೀದಿಯ ಒಳ್ಳೆಯ ಮೇಸ್ತ್ರಿಗಳೆಲ್ಲ ಈ ಗುಂಪಿನವರೇ. ಸಂಖ್ಯೆ ಇಲ್ಲದವರು ಮೋಸಗಾರರಲ್ಲ. ಸಂಖ್ಯೆ ಇಲ್ಲದೆ ಬಿಲ್ಲಿನಲ್ಲಿ 18 ಶೇಕಡಾ ಸೇರಿಸುವವರು ಮೋಸಗಾರರು. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರೂ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಅದೂ ಜಾಲತಾಣದಲ್ಲೇ ಗೊತ್ತಾಗುತ್ತದೆ.

ಗೋಡೆ ಒಡೆಯುವ ಮಾತು ಬಂದರೆ ಮಾತ್ರ ಇವೆಲ್ಲ ಪಕ್ಕಕ್ಕೆ. ನಮ್ಮಂಥ ಹಳೆಯ ಮನೆಗಳಿಗೆ ಎಷ್ಟೋ ಕಡೆ ಪಿಲ್ಲರೇ ಇರುವುದಿಲ್ಲ, ಗೋಡೆಗಳೇ ಸೂರನ್ನು ಹೊತ್ತಿರುತ್ತವೆ. ‘ಈ ಗೋಡೆ ತೆಗೆದ್ರೆ ಹಾಲು ದೊಡ್ಡದಾಗುತ್ತೆ ಮೇಡಂ, ಒಂದು ಬೀಮ್ ಕೊಟ್ಬಿಡೋಣ’ ಎಂದು ನಿಂತ ಕಾಲಲ್ಲೇ ಹೇಳುವ ಕಂಟ್ರಾಕ್ಟರಿಗೆ ಕಾಫಿ ಕೊಟ್ಟು ಕಳಿಸಿ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಸಹಿ ಹಾಕಿದ ಡ್ರಾಯಿಂಗ್ ಇಲ್ಲದೆ ಆ ಗೋಡೆಗೆ ಸುತ್ತಿಗೆ ಬೀಳಬಾರದು.

ಹೋಗಿ ನೋಡಿ, ವಾಸನೆಯನ್ನೂ

ಫೋನಿನಲ್ಲಿ ತೋರಿಸುವ ಫೋಟೊಗಳನ್ನು ನಾನು ಈಗ ನೋಡುವುದೇ ಇಲ್ಲ. ಕೆಲಸ ಮುಗಿದ ದಿನ ಎಲ್ಲ ಬಚ್ಚಲೂ ಚಂದವೇ. ಕಂಟ್ರಾಕ್ಟರನ್ನು ನಾನು ಕೇಳುವುದು ಒಂದೇ: ಒಂದು ಮಳೆಗಾಲ ಕಂಡ ತಾರಸಿ, ಒಂದು ವರ್ಷ ಬಳಸಿದ ಬಚ್ಚಲು, ಎರಡು ಕಡೆ ತೋರಿಸಿ. ತಡವರಿಸದೆ ವಿಳಾಸ ಕೊಟ್ಟರೆ ಅರ್ಧ ಪರೀಕ್ಷೆ ಅಲ್ಲೇ ಪಾಸು.

ಆ ಮನೆಗೆ ಹೋದಾಗ ಕಂಟ್ರಾಕ್ಟರ್ ಜೊತೆಗಿರದಿದ್ದರೆ ಒಳ್ಳೆಯದು. ಬಚ್ಚಲಿಗೆ ಒಂದು ತಂಬಿಗೆ ನೀರು ಸುರಿದು ಅದು ಎತ್ತ ಹರಿಯುತ್ತದೆ ನೋಡಿ. ಐದು ಅಡಿಗೆ ಮುಕ್ಕಾಲು ಇಂಚಿನಷ್ಟಾದರೂ ಇಳಿಜಾರಿದ್ದರೆ ನೀರು ಮೂಲೆಯಲ್ಲಿ ನಿಲ್ಲದೆ ನಹಾನಿ ಟ್ರ್ಯಾಪಿಗೆ ಹೋಗುತ್ತದೆ. ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ. ಕದ ಮುಚ್ಚಿಟ್ಟ ಬಚ್ಚಲನ್ನು ತೆರೆದಾಗ ಮೋರಿ ವಾಸನೆ ಬಂದರೆ ಟ್ರ್ಯಾಪಿನಲ್ಲಿ ನೀರು ನಿಲ್ಲುತ್ತಿಲ್ಲ. ತಾರಸಿಯಾದರೆ ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆ, ನೀರಿನ ಪೈಪು ಸೂರನ್ನು ತೂರಿ ಇಳಿಯುವ ಜಾಗ, ಈ ಎರಡನ್ನೇ ನೋಡಿದರೆ ಸಾಕು. ಸೋರುವುದು ಅಲ್ಲೇ.

ಮನೆಯವರನ್ನು ‘ಕೆಲಸ ಚೆನ್ನಾಗಿದೆಯಾ?’ ಎಂದು ಕೇಳಬೇಡಿ. ಲಕ್ಷ ಖರ್ಚು ಮಾಡಿದವರು ಚೆನ್ನಾಗಿಲ್ಲ ಎನ್ನುವುದು ಕಷ್ಟ. ‘ಹೇಳಿದ ದಿನಕ್ಕಿಂತ ಎಷ್ಟು ದಿನ ತಡವಾಯ್ತು? ಕೊನೆಗೆ ಎಷ್ಟು ಜಾಸ್ತಿ ಆಯ್ತು? ಮುಗಿದ ಮೇಲೆ ಏನಾದ್ರೂ ಕೆಟ್ಟಾಗ ಫೋನ್ ಎತ್ತಿದ್ರಾ?’ ಈ ಮೂರನ್ನು ಕೇಳಿ. ನನ್ನ ತಾರಸಿ ಮೇಸ್ತ್ರಿಯ ಬಗ್ಗೆ ಒಬ್ಬ ಹಿರಿಯರು, ‘ಇಪ್ಪತ್ತು ದಿನ ತಡ ಮಾಡಿದ, ಬಾಯಿ ಜೋರು, ಆದ್ರೆ ಸೋರಿಲ್ಲ’ ಎಂದರು. ನನಗೆ ಅಷ್ಟೇ ಬೇಕಿತ್ತು.

ಪಟ್ಟಿ ನಿಮ್ಮದಿರಲಿ

ಮೂರು ಕೊಟೇಶನ್ ತರಿಸಿ ಹೋಲಿಸಿ ಎಂದು ಎಲ್ಲರೂ ಹೇಳುತ್ತಾರೆ. ಮೂವರೂ ಮೂರು ಬೇರೆ ಕೆಲಸಕ್ಕೆ ಬೆಲೆ ಹೇಳಿದ್ದರೆ ಹೋಲಿಸುವುದಾದರೂ ಏನನ್ನು? ನಾನು ಎಡವಿದ್ದು ಇಲ್ಲೇ. ಈಗ ಕಂಟ್ರಾಕ್ಟರ್ ಬರುವ ಮೊದಲೇ ಕೆಲಸದ ಪಟ್ಟಿಯನ್ನು ನಾನೇ ಬರೆದು, ಮೂವರಿಗೂ ಅದರ ಜೆರಾಕ್ಸ್ ಕೊಟ್ಟು, ಪ್ರತಿ ಸಾಲಿನ ಮುಂದೆ ದರ ಬರೆಯಿರಿ ಎನ್ನುತ್ತೇನೆ. ಕೆಲವರು ಅಲ್ಲೇ ಜಾರಿಕೊಳ್ಳುತ್ತಾರೆ. ಉಳಿದವರ ಲೆಕ್ಕ ಅಕ್ಕಪಕ್ಕ ಇಟ್ಟು ನೋಡಲು ಬರುತ್ತದೆ.

ಪಟ್ಟಿ ಬರೆಯಲು ಅಳತೆ ಬೇಕು, ಎಂಜಿನಿಯರಿಂಗ್ ಬೇಡ. ನಮ್ಮ ಬಚ್ಚಲು ಎಂಟಕ್ಕೆ ಐದು ಅಡಿ. ಸುತ್ತಳತೆ 26 ಅಡಿ. ಏಳು ಅಡಿ ಎತ್ತರಕ್ಕೆ ಟೈಲ್ಸ್ ಎಂದರೆ ಗೋಡೆ 182 ಚದರಡಿ. ಬಾಗಿಲಿನ ಹದಿನೇಳೂವರೆ ಕಳೆದು, ನೆಲದ 40 ಕೂಡಿಸಿದರೆ ಸುಮಾರು 205. ಅದೇ ಬಚ್ಚಲಿಗೆ ನಾಲ್ಕು ಅಡಿ ಟೈಲ್ಸ್ ಸಾಕು ಎಂದು ಮನಸ್ಸಿನಲ್ಲಿಟ್ಟುಕೊಂಡವರ ಲೆಕ್ಕ 134. ಎಪ್ಪತ್ತು ಚದರಡಿ ಮಾತಿನಲ್ಲೇ ಮಾಯ! ಬಾಗಿಲನ್ನು ಕಳೆಯದೆ ಅಳೆಯುವವರಿದ್ದಾರೆ, ಅವರದು 222. ಕತ್ತರಿಸುವಾಗ ಒಡೆಯುವುದಕ್ಕೆ ಹತ್ತು ಶೇಕಡಾ ಹೆಚ್ಚು ತರಿಸುವುದು ನ್ಯಾಯ. ಉಳಿದ ಟೈಲ್ಸ್ ಮನೆಯಲ್ಲೇ ಉಳಿಯಬೇಕು ಎಂಬುದನ್ನೂ ಬರೆದುಬಿಡಿ. ಮುಂದೆ ಒಂದು ಒಡೆದರೆ ಆ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.

ಅಳತೆಯ ಆಟ ಮರಗೆಲಸದಲ್ಲಿ ಇನ್ನೂ ಸೊಗಸು. ಏಳಕ್ಕೆ ಆರು ಅಡಿಯ ವಾರ್ಡ್‌ರೋಬಿಗೆ ಒಬ್ಬರು ಎದುರಿನ ಮುಖ ಮಾತ್ರ ಅಳೆದು 42 ಚದರಡಿ ಎನ್ನುತ್ತಾರೆ. ಇನ್ನೊಬ್ಬರು ಒಳಗಿನ ಹಲಗೆ, ಪಕ್ಕದ ಪಟ್ಟಿ, ಎಲ್ಲದರ ಪ್ಲೈವುಡ್ ಕೂಡಿಸುತ್ತಾರೆ. ಚದರಡಿ ದರ ಕಡಿಮೆ ಹೇಳಿದ ಈ ಎರಡನೆಯವರೇ ದುಬಾರಿಯಾಗುತ್ತಾರೆ. ಅಡುಗೆಮನೆಗೆ ರನ್ನಿಂಗ್ ಫೂಟ್ ಲೆಕ್ಕ ಬೇರೆ. ‘ನಿಮ್ಮ ದರ ಯಾವ ಅಳತೆಗೆ?’ ಎಂದು ಮೊದಲೇ ಕೇಳಿ.

ಅಳತೆ ಆದ ಮೇಲೆ ಸಾಮಾನು. ‘ಗುಡ್ ಕ್ವಾಲಿಟಿ’, ‘ಬ್ರ್ಯಾಂಡೆಡ್’, ‘ಐಎಸ್‌ಐ’ ಎಂಬ ಮೂರು ಮಾತು ಕೊಟೇಶನ್ನಿನಲ್ಲಿದ್ದರೆ ಏನೂ ಬರೆದಿಲ್ಲವೆಂದೇ ಅರ್ಥ. ಪ್ಲೈವುಡ್ಡಿನಲ್ಲೇ ನೋಡಿ: ಸಾಮಾನ್ಯ ಬಳಕೆಯ ಪ್ಲೈಗೆ ಭಾರತೀಯ ಮಾನಕ ಐಎಸ್ 303, ನೀರಿಗೆ ಹೆದರದ ಮರೀನ್ ಪ್ಲೈಗೆ ಐಎಸ್ 710. ಎರಡಕ್ಕೂ ಐಎಸ್‌ಐ ಗುರುತು ಇರುತ್ತದೆ. ಸಿಂಕಿನ ಕೆಳಗೆ 303ರ ಮಾಮೂಲು ಹಲಗೆ ಹಾಕಿ, ‘ಐಎಸ್‌ಐ ಮಾಲೇ ಮೇಡಂ’ ಎಂದರೆ ಸುಳ್ಳಲ್ಲ. ಎರಡು ವರ್ಷಕ್ಕೆ ಉಬ್ಬುತ್ತದೆ, ಅಷ್ಟೇ. ಕೊಟೇಶನ್ನಿನಲ್ಲಿ ಐಎಸ್ ಸಂಖ್ಯೆ, ದಪ್ಪ, ಕಂಪನಿ ಮೂರೂ ಇರಲಿ. ಮಾಲು ಬಂದಿಳಿದಾಗ ಗುರುತಿನ ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಅದು ಯಾವ ಕಾರ್ಖಾನೆಗೆ, ಯಾವ ಮಾಲಿಗೆ ಕೊಟ್ಟದ್ದೆಂದು ತೋರಿಸುತ್ತದೆ. ಲೋಡ್ ಇಳಿಸುವವರ ಎದುರೇ ನಾನು ಹಾಗೆ ನೋಡಿದ್ದೇನೆ. ಮುಜುಗರವೇನೂ ಆಗಲಿಲ್ಲ, ಮುಂದಿನ ಲೋಡಿಗೆ ಮೇಸ್ತ್ರಿಯೇ ಸಂಖ್ಯೆ ಓದಿ ಹೇಳಿದ.

ವೈರಿಂಗಿಗೂ ಹೀಗೆಯೇ. ‘ಪಾಯಿಂಟಿಗೆ ಇಷ್ಟು’ ಎಂಬ ದರದ ಹಿಂದೆ ತಂತಿಯ ಗಾತ್ರ ಅಡಗಿರುತ್ತದೆ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗಿಗೆ 2.5, ಗೀಸರಿಗೆ, ಎಸಿಗೆ 4 ಎಂದು ಬರೆಸಿಕೊಳ್ಳಿ. ಶಾಕ್ ಹೊಡೆಯದಂತೆ ಕಾಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಪಟ್ಟಿಯಲ್ಲಿದೆಯೇ ನೋಡಿ, ಬೆಲೆ ಇಳಿಸುವವರು ಮೊದಲು ಬಿಡುವುದು ಅದನ್ನೇ. ಪೇಂಟಿಗೆ ಎಷ್ಟು ಕೈ ಪುಟ್ಟಿ, ಪ್ರೈಮರ್ ಇದೆಯೇ, ಎಷ್ಟು ಕೈ ಬಣ್ಣ, ಬಣ್ಣದ ಯಾವ ದರ್ಜೆ. ಸಿಮೆಂಟು ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಮೂರು ತಿಂಗಳು ಮೀರಿದ್ದು ಬೇಡ.

ಆಮೇಲೆ ಯಾರೂ ಬರೆಯದ ಬಾಬತ್ತುಗಳು. ಹಳೆಯದನ್ನು ಒಡೆಯುವ ಕೂಲಿ, ಡೆಬ್ರಿ ಸಾಗಣೆ, ಮಹಡಿಗೆ ಸಾಮಾನು ಏರಿಸುವ ಕೂಲಿ, ಕ್ಯೂರಿಂಗಿಗೆ ನೀರು ಹಾಕುವವರು ಯಾರು, ಕರೆಂಟು ಯಾರದು, ಕೊನೆಗೆ ಟೈಲ್ಸಿನ ಮೇಲಿನ ಸಿಮೆಂಟು ಕಲೆ ಉಜ್ಜುವವರು ಯಾರು. ಕೆಲಸಗಾರರು ಬಿದ್ದು ಪೆಟ್ಟಾದರೆ ಖರ್ಚು ಯಾರದೆಂಬುದೂ. ಈ ಕೊನೆಯದನ್ನು ಕೇಳಲು ನಮಗೆ ಬಾಯಿ ಬರುವುದಿಲ್ಲ, ಕೇಳಲೇಬೇಕು. ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಒಪ್ಪಿಗೆ, ಕೆಲಸದ ವೇಳೆ, ಲಿಫ್ಟ್ ಬಳಕೆಯ ನಿಯಮ ಮೊದಲೇ ಕಂಟ್ರಾಕ್ಟರಿಗೆ ಕೊಡಿ, ಇಲ್ಲದಿದ್ದರೆ ಅದೂ ‘ಎಕ್ಸ್‌ಟ್ರಾ’ ಆಗುತ್ತದೆ.

ಎಲ್ಲರ ಲೆಕ್ಕವನ್ನೂ ತೆರಿಗೆ ಸೇರಿಸಿಯೇ ನೋಡಿ. ನನ್ನ ಎರಡನೆಯ ಕೊಟೇಶನ್ನಿನ 1,32,000ಕ್ಕೆ 18 ಶೇಕಡಾ ಸೇರಿಸಿದ್ದರೆ 1,55,760. ಮೂರನೆಯವರಿಗೂ ಅವರಿಗೂ ಇದ್ದ ಅಂತರ ಇಪ್ಪತ್ತಾರು ಸಾವಿರವಲ್ಲ, ಬರೀ ಎರಡು ಸಾವಿರದ ಚಿಲ್ಲರೆ. ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಎಸ್‌ಆರ್ ಎನ್ನುತ್ತಾರಲ್ಲ, ಅದನ್ನು ತೋರಿಸಿ ಚೌಕಾಸಿ ಮಾಡುವವರನ್ನು ಕಂಡಿದ್ದೇನೆ. ಸರ್ಕಾರದ ದೊಡ್ಡ ಕಾಮಗಾರಿಯ ದರಕ್ಕೆ ಒಂದು ಬಚ್ಚಲಿನ ಚಿಲ್ಲರೆ ಕೆಲಸ ಯಾರೂ ಮಾಡುವುದಿಲ್ಲ. ಆದರೆ ಒಂದು ಬಾಬತ್ತಿನಲ್ಲಿ ಏನೇನು ಸೇರಿರಬೇಕೆಂದು ಬರೆಯುವುದು ಹೇಗೆ ಎಂಬುದಕ್ಕೆ ಆ ಪಟ್ಟಿಗಿಂತ ಒಳ್ಳೆಯ ಪಾಠವಿಲ್ಲ.

ಇಷ್ಟೆಲ್ಲ ಆದ ಮೇಲೂ ಒಬ್ಬರ ದರ ತೀರಾ ಕೆಳಗಿದ್ದರೆ ಹಿಗ್ಗಬೇಡಿ. ಯಾವ ಸಾಲಿನಲ್ಲಿ ಕಡಿಮೆ ಎಂದು ಹುಡುಕಿ. ಕೂಲಿಯಲ್ಲಿ ಕಡಿಮೆಯಾದರೆ ಅವರೇ ಕೈಯಾರೆ ಮಾಡುವ ಮೇಸ್ತ್ರಿ ಇರಬಹುದು, ಅದು ಲಾಭ. ವಾಟರ್‌ಪ್ರೂಫಿಂಗಿನಲ್ಲಿ ಕಡಿಮೆಯಾದರೆ ಒಂದು ಕೈ ಬಳಿದು ಮುಗಿಸುತ್ತಾರೆ.

ಶನಿವಾರದ ಬಟವಾಡೆ

ಕಂಟ್ರಾಕ್ಟರ್ ದುಡ್ಡು ಕೇಳುವುದು ಶನಿವಾರ. ‘ಹುಡುಗರಿಗೆ ಬಟವಾಡೆ ಮಾಡ್ಬೇಕು ಮೇಡಂ’ ಎಂದು ಸಂಜೆ ಆರಕ್ಕೆ ಗೇಟಿನಲ್ಲಿ ನಿಂತರೆ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಆ ಹುಡುಗರೂ ಅಲ್ಲೇ ನಿಂತಿರುತ್ತಾರೆ. ಹೀಗೆ ನಾಲ್ಕು ಶನಿವಾರ ಕೊಟ್ಟರೆ ಮುಕ್ಕಾಲು ಹಣ ಹೋಗಿ ಅರ್ಧ ಕೆಲಸ ಉಳಿದಿರುತ್ತದೆ. ಆಮೇಲೆ ಅವರಿಗೆ ಬೇರೆ ಕಡೆ ಹೊಸ ಅಡ್ವಾನ್ಸು ಸಿಗುತ್ತದೆ, ನಮಗೆ ‘ನಾಳೆ ಬರ್ತೀನಿ’ ಸಿಗುತ್ತದೆ.

ವಾರದ ಲೆಕ್ಕ ಬಿಟ್ಟು ಹಂತದ ಲೆಕ್ಕ ಬರೆದುಕೊಳ್ಳಿ. ನಾನು ಕೊಡುವ ಅಡ್ವಾನ್ಸು ಹತ್ತು ಶೇಕಡಾ. ಒಡೆದು ಪೈಪು ಹಾಕಿದ ಮೇಲೆ ಒಂದು ಕಂತು. ಪೈಪಿಗೆ ಒತ್ತಡ ಕೊಟ್ಟು ಸೋರಿಲ್ಲವೆಂದು ನೋಡಿ, ಫೋಟೊ ತೆಗೆದಿಟ್ಟುಕೊಂಡ ಮೇಲೆಯೇ ಗೋಡೆ ಮುಚ್ಚುವುದು. ವಾಟರ್‌ಪ್ರೂಫಿಂಗ್ ಆದ ಮೇಲೆ ಟ್ರ್ಯಾಪಿಗೆ ಬಿರಡೆ ಬಿಗಿದು ಎರಡು ಇಂಚು ನೀರು ಕಟ್ಟಿ 48 ಗಂಟೆ ಬಿಟ್ಟು ಕೆಳಗಿನ ಸೂರು ನೋಡುತ್ತೇನೆ, ಒಣಗಿದ್ದರೆ ಮುಂದಿನ ಕಂತು. ಟೈಲ್ಸಿಗೆ ಒಂದು. ಕೊನೆಯ ಹತ್ತು ಶೇಕಡಾ ಮುಗಿದ ಕೂಡಲೇ ಕೊಡುವುದಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ದೋಷ ಹೊಣೆ ಅವಧಿ ಎಂದು ಠೇವಣಿ ಹಿಡಿದಿಡುತ್ತಾರಲ್ಲ, ಅದೇ ಪದ್ಧತಿ. ಮೊದಲೇ ಬರೆದಿದ್ದರೆ ಯಾರೂ ಜಗಳ ಆಡುವುದಿಲ್ಲ. ಬರೆಯದೆ ಕೊನೆಗೆ ಹಿಡಿದರೆ ಅದು ನಮ್ಮ ಅನ್ಯಾಯ.

ಒಪ್ಪಂದ ಉದ್ದ ಬೇಡ. ಇಬ್ಬರ ಹೆಸರು, ವಿಳಾಸ, ದರ ಬರೆದ ಪಟ್ಟಿ, ಕಂತು, ಶುರು ಮತ್ತು ಮುಗಿಯುವ ದಿನ, ಪಟ್ಟಿಯಲ್ಲಿಲ್ಲದ ಯಾವ ಕೆಲಸಕ್ಕೂ ಮೊದಲು ಬರಹದಲ್ಲಿ ಒಪ್ಪಿಗೆ ಬೇಕೆಂಬ ಒಂದು ಸಾಲು, ಇಬ್ಬರ ಸಹಿ. ಹೆಚ್ಚುವರಿ ಕೆಲಸದ ಒಪ್ಪಿಗೆ ವಾಟ್ಸ್ಆ್ಯಪ್‌ನಲ್ಲಾದರೂ ಆಗಲಿ, ಆದರೆ ಮೊತ್ತದೊಂದಿಗೆ. ವಾಟರ್‌ಪ್ರೂಫಿಂಗಿಗೆ ಹತ್ತು ವರ್ಷ ವಾರಂಟಿ ಎಂದರೆ ಕೊಡುವುದು ಕಂಪನಿಯೋ ಬಳಿಯುವವರೋ ಕೇಳಿ. ಡಬ್ಬಿಗೆ ವಾರಂಟಿ ಇದ್ದು ಕೆಲಸಕ್ಕೆ ಇಲ್ಲದಿದ್ದರೆ ಅದು ನಿಮ್ಮ ಸೂರನ್ನು ಕಾಯುವುದಿಲ್ಲ. ಹಣವನ್ನು ಬ್ಯಾಂಕಿನಿಂದಲೋ ಯುಪಿಐ ಮೂಲಕವೋ, ಕೊಟೇಶನ್ ಕೊಟ್ಟವರ ಹೆಸರಿನ ಖಾತೆಗೇ ಹಾಕಿ, ಭಾವಮೈದುನನ ಖಾತೆಗಲ್ಲ.

ಇಷ್ಟು ಕಾಗದ ಕೈಯಲ್ಲಿದ್ದರೆ ಕೆಲಸ ಕೆಟ್ಟಾಗ ಹೋಗಲು ಜಾಗವಿದೆ. ಮೊದಲು ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ಲೋಪವೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು ಎರಡು ವರ್ಷ. ನನ್ನ ಬಚ್ಚಲಿನ ವಿಷಯದಲ್ಲಿ ನಾನು ಹೋಗಲಿಲ್ಲ. ತೋರಿಸಲು ನನ್ನ ಬಳಿ ಇದ್ದದ್ದು ಆ ಒಂದು ಸಾಲಿನ ವಾಟ್ಸ್ಆ್ಯಪ್ ಮಾತ್ರ.

ತಾರಸಿ ಕೆಲಸ ಮಾರ್ಚಿನಲ್ಲಿ ಮುಗಿಯಿತು. ಒಪ್ಪಂದದಂತೆ ಹತ್ತು ಶೇಕಡಾ ನನ್ನ ಬಳಿಯೇ ಇತ್ತು. ಜೂನಿನಲ್ಲಿ ಮೂರು ದಿನ ಜಡಿಮಳೆ ಹಿಡಿದ ಮೇಲೆ ಬಾಯಿ ಜೋರಿನ ಆ ಮೇಸ್ತ್ರಿ ಫೋನೂ ಮಾಡದೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ತಲೆಯಲ್ಲೇ ಸ್ಟೂಲು ಹಾಕಿಕೊಂಡು ಹತ್ತಿ, ಸೂರಿನ ಮೂಲೆಗಳಿಗೆ ಒಂದೊಂದಾಗಿ ಅಂಗೈ ಒತ್ತಿ ನೋಡಿದ. ಇಳಿದು ಬಂದು, ‘ಈಗ ಕೊಡಿ ಮೇಡಂ’ ಎಂದ.